ಕಿವಿಗಿಟ್ಟ ಅರಳೆ

ನನ್ನ ತಂಗಿಯ ಕಿವಿಗೆ ಅರಳೆ ಇಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಮ್ಮ ಅತ್ತೆಯ ಮೇಲೋ ತಂಗಿಯ ಗಂಡನ ಮೇಲೋ ತಪ್ಪು ಹೊರಿಸಿ ನಾನು ಕೈ ತೊಳೆದುಕೊಂಡ ಹಾಗೆ ಆಗಬಾರದು.

ಸಿಂಧನೂರಿನ ದವಾಖಾನೆಯಿಂದ ಅವಳನ್ನೂ ಕೂಸನ್ನೂ ತುರ್ವಿಹಾಳದ ನಮ್ಮ ಮನೆಗೆ ಕರೆದುಕೊಂಡು ಬಂದದ್ದು ಆರನೇ ದಿನಕ್ಕೆ. ಎರಡು ದಿನ ಬೇನೆ ತಿಂದು, ಕೊನೆಗೆ ಆಪರೇಷನ್ ಆಗಿ ಹುಟ್ಟಿದ ಹೆಣ್ಣು ಕೂಸು. ಆಟೋದಿಂದ ಇಳಿಸಿ, ಬಾಗಿಲಲ್ಲಿ ಇಬ್ಬರಿಗೂ ದೃಷ್ಟಿ ತೆಗೆದು, ಒಳಕೋಣೆಯ ಹೊರಸಿನ ಮೇಲೆ ಕೂರಿಸಿದೆ. ಹೊಸ ಅರಳೆಯನ್ನು ಉಂಡೆ ಮಾಡಿ ಎರಡೂ ಕಿವಿಗೆ ಒತ್ತಿದೆ. ಮೇಲೆ ಸ್ಕಾರ್ಫ್ ಬಿಗಿದೆ. ನಮ್ಮ ಕಡೆ ಎಲ್ಲ ಬಾಣಂತಿಯರಿಗೂ ಹೀಗೇ. ನಲವತ್ತು ದಿನ ಕಿವಿಯಲ್ಲಿ ಗಾಳಿ ಹೊಗಬಾರದು, ಹೊಕ್ಕರೆ ಮುದುಕಿಯಾಗುವ ತನಕ ತಲೆಬೇನೆ ಬಿಡುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ನನ್ನ ಎರಡು ಬಾಣಂತನದಲ್ಲೂ ಅವಳೇ ಇಟ್ಟಿದ್ದಳು.

"ಜರಾ ಬಿಗಿ ಆತು ಅಕ್ಕಾ" ಎಂದಳು ತಂಗಿ.

"ಬಿಗೀನ ಇರಬೇಕು. ಸುಮ್ನ ಕುಂದ್ರು" ಎಂದೆ.

ನಾನು ಊರಿನ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಬಸುರಿ ಬಾಣಂತಿಯರ ಮನೆ ತಿರುಗುವುದೇ ನನ್ನ ಕೆಲಸ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಗುಳಿಗೆ ನುಂಗದ ಬಸುರಿಯರು ನನ್ನನ್ನು ದೂರದಿಂದ ಕಂಡರೆ ಬಚ್ಚಲಿಗೆ ಹೋಗಿ ಕೂರುತ್ತಾರೆ ಎಂದು ಓಣಿಯ ಹೆಂಗಸರು ನಗುತ್ತಾರೆ. ಬಾಣಂತನದ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಸೊಕ್ಕೂ ಇತ್ತು. ಅದನ್ನೂ ಈಗ ಹೇಳಿಬಿಟ್ಟರೆ ಒಳ್ಳೆಯದು.

ಬಾಣಂತನ ತವರಲ್ಲಿ ಆಗಬೇಕು. ಆದರೆ ನಮ್ಮವ್ವ ತೀರಿಕೊಂಡು ಇನ್ನೂ ಎರಡು ವರ್ಷ ಆಗಿರಲಿಲ್ಲ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಹಾಗಾಗಿ ನನ್ನ ಮನೆಯೇ ಅವಳಿಗೆ ತವರಾಯಿತು. ತಂಗಿ ಮಸ್ಕಿಯಲ್ಲಿ ಟೀಚರ್. ಅವಳ ಗಂಡ ನಮ್ಮ ಅಪ್ಪನ ತಂಗಿಯ ಮಗ, ಲಿಂಗಸುಗೂರಲ್ಲಿ ಬಸ್ ಕಂಡಕ್ಟರ್. ಅಂದರೆ ಅತ್ತೆ ನನಗೆ ಒಂದು ಕಡೆಯಿಂದ ಅತ್ತೆ, ತಂಗಿಗೆ ಎರಡು ಕಡೆಯಿಂದಲೂ ಅತ್ತೆ. ಬಾಣಂತನ ಮಾಡಲೆಂದು ಆ ಅತ್ತೆ ಗುರುಗುಂಟಾದಿಂದ ಬಂದಳು. ತನ್ನ ಎರಡು ಎಮ್ಮೆಗಳನ್ನು ಪಕ್ಕದ ಮನೆಗೆ ಒಪ್ಪಿಸಿ, ಒಂದು ಡಬ್ಬಿ ಅಂಟಿನ ಉಂಡಿ ಹೊತ್ತುಕೊಂಡು, ಬಸ್ ಇಳಿಯುತ್ತಲೇ ಎಮ್ಮೆಗಳ ಚಿಂತೆ ಶುರು ಮಾಡಿದಳು.

ಇನ್ನೊಂದು ಸಂಗತಿ ಇದೆ. ಹಿಂದಿನ ವರ್ಷ ತಂಗಿಗೆ ಏಳು ತಿಂಗಳಿಗೇ ಒಂದು ಗಂಡು ಕೂಸು ಹುಟ್ಟಿತ್ತು. ಅದು ಅಳಲೇ ಇಲ್ಲ. ಬಟ್ಟೆಯಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟಿದ್ದರು. "ಮರತುಬಿಡು, ಇನ್ನೊಂದು ಆಗ್ತೈತಿ" ಎಂದು ಅವತ್ತು ನಾನೇ ಹೇಳಿದ್ದೆ. ಮೂರು ವಾರಕ್ಕೆ ಅವಳು ಸೀರೆ ಇಸ್ತ್ರಿ ಮಾಡಿಕೊಂಡು ಶಾಲೆಗೆ ಹೋದಳು. "ಭಾಳ ಗಟ್ಟಿ ಅದಾಳ ನನ್ನ ತಂಗಿ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಆ ಕೂಸಿನ ಮಾತನ್ನು ಅವಳ ಎದುರು ಯಾರೂ ಎತ್ತಲಿಲ್ಲ.

ಮೊದಲ ವಾರ ಅವಳು ಕೇಳಿದ್ದಕ್ಕೆ ಒಂದೊಂದು ಮಾತು ಆಡುತ್ತಿದ್ದಳು. ಹೂಂ. ಸಾಕು. ಬ್ಯಾಡ. ಎರಡನೇ ವಾರಕ್ಕೆ ಅದೂ ನಿಂತಿತು. ಅಡುಗೆಮನೆಯಿಂದ "ಉಂಡೇನಬೇ?" ಎಂದು ಕೂಗಿದರೆ ಉತ್ತರವಿಲ್ಲ. ಕೋಣೆಗೆ ಹೋಗಿ ಅದನ್ನೇ ಕೇಳಿದರೂ ಗೋಡೆ ನೋಡುತ್ತಾ ಕೂತಿರುತ್ತಿದ್ದಳು.

"ಕಿವ್ಯಾಗ ಅರಳಿ ಐತೆಲ್ಲ, ಆಕಿಗೆ ಹೆಂಗ ಕೇಳಿಸ್ಬೇಕು" ಎಂದಳು ಅತ್ತೆ.

ಹೌದಲ್ಲ ಎನಿಸಿತು. ನಾನೇ ಬಿಗಿಯಾಗಿ ಒತ್ತಿದ್ದೇನಲ್ಲ. ಆಮೇಲಿಂದ ನಾವು ಸನ್ನೆ ಮಾಡತೊಡಗಿದೆವು. ಉಣ್ಣು ಎನ್ನಲು ಕೈಯನ್ನು ಬಾಯಿಗೆ ಒಯ್ಯುವುದು, ಏಳು ಎನ್ನಲು ಭುಜ ಮುಟ್ಟುವುದು. ಸನ್ನೆ ಮಾಡಿ ಮಾಡಿ ಅವಳ ಜೊತೆ ಮಾತನಾಡುವುದನ್ನೇ ಬಿಟ್ಟೆವು. ಅವಳ ಬಗ್ಗೆ ಮಾತ್ರ ಮಾತನಾಡಿದೆವು, ಅದೂ ಅವಳ ಎದುರೇ ಕೂತು, ಗಂಟಲು ತಗ್ಗಿಸದೆ.

"ಹೋದದ್ದು ಗಂಡಿತ್ತು. ಇರಾಕ ಬಂದದ್ದು ಹೆಣ್ಣು. ಶಿವನ ಆಟ ನೋಡು" ಎಂದು ಅತ್ತೆ ಕೂಸಿಗೆ ಎಣ್ಣೆ ಹಚ್ಚುತ್ತಾ ಹೇಳುವಳು. ಬಾಣಂತಿ ನೋಡಲು ಬಂದ ಓಣಿಯ ಹೆಂಗಸರು ಕೂಸಿನ ಬಣ್ಣ ನೋಡಿ ಏನೋ ಅನ್ನುವರು, ಮೂಗು ನೋಡಿ ಏನೋ ಅನ್ನುವರು, ತಾಯಿಗೆ ಹಾಲಿಲ್ಲ ಎಂದು ಲೊಚಗುಟ್ಟುವರು. "ಸಣ್ಣಗ ಮಾತಾಡ್ರಿ" ಎಂದು ನಾನಾದರೂ ಹೇಳಬೇಕಿತ್ತು. ನಾನು ಅವರಿಗಿಂತ ಒಂದು ಕೈ ಮೇಲೆ. ಒಂದು ಮಧ್ಯಾಹ್ನ ಕೂಸು ಒಂದೇ ಸಮನೆ ಅತ್ತಿತು. ಅವಳು ಪಕ್ಕದಲ್ಲೇ ಇದ್ದು ಎತ್ತಿಕೊಳ್ಳಲಿಲ್ಲ. ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದು ಎತ್ತಿಕೊಂಡು, ಅತ್ತೆಗೆ ಹೇಳಿದೆ:

"ಟೀಚರ್ ಅಂತ ಟೀಚರ್! ಊರ ಹುಡುಗ್ರನ್ನೆಲ್ಲ ಸಂಭಾಳಸ್ತಾಳಂತ, ತನ್ನ ಕೂಸು ಅತ್ರ ಗ್ವಾಡಿ ಕಡಿ ಹೊಳ್ಳತಾಳ. ನಮ್ಮವ್ವ ಇದ್ದಿದ್ರ ಕಪಾಳಕ್ಕ ಎರಡು ಬಾರಸ್ತಿದ್ಲು."

ಅತ್ತೆ ನಕ್ಕಳು. ನಾನೂ ನಕ್ಕೆ. ತಂಗಿ ಹೊರಸಿನ ಹಗ್ಗವನ್ನು ಉಗುರಿನಿಂದ ಕೆರೆಯುತ್ತಾ ಇದ್ದಳು.

ಕೂಸನ್ನು ಅವಳು ಮುಟ್ಟುತ್ತಲೇ ಇರಲಿಲ್ಲ ಎಂದಲ್ಲ. ಮಡಿಲಲ್ಲಿ ಹಾಕಿದರೆ ಹಿಡಿದುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಯಾರೋ ನಿಂತವರ ಕೂಸನ್ನು ಸ್ವಲ್ಪ ಹೊತ್ತು ಇಸಿದುಕೊಂಡವಳ ಹಾಗೆ, ಕೈ ಚಾಚಿಕೊಂಡು, ಯಾವಾಗ ವಾಪಸು ಕೇಳುತ್ತಾರೋ ಎನ್ನುವ ಹಾಗೆ. ಹಾಲು ಮೊದಲೇ ಕಡಿಮೆ ಇತ್ತು, ತಿಂಗಳಾಗುವುದರಲ್ಲಿ ಬತ್ತಿತು. ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ, ಅತ್ತೆಯ ಅಂಟಿನ ಉಂಡಿ, ಯಾವುದೂ ನಡೆಯಲಿಲ್ಲ. ತಾಟು ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ಮಧ್ಯಾಹ್ನ ಕೂಸು ಮಲಗಿ, ಅತ್ತೆ ಮಲಗಿ, ಇಡೀ ಓಣಿ ಮಲಗಿದ ಹೊತ್ತಿಗೂ ಅವಳ ಕಣ್ಣು ತೆರೆದೇ ಇರುತ್ತಿದ್ದವು.

ಏಳನೇ ದಿನ, ಹದಿನಾಲ್ಕನೇ ದಿನ, ಇಪ್ಪತ್ತೊಂದನೇ ದಿನ ಬಾಣಂತಿಯ ಮನೆಗೆ ಹೋಗಿ ಹಾಳೆ ತುಂಬುವುದು ನನ್ನ ಕೆಲಸ. ಇದು ನನ್ನದೇ ಮನೆ. ಹೋಗುವುದಾದರೂ ಎಲ್ಲಿಗೆ? ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ತುಂಬಿದೆ. ಜ್ವರ ಇಲ್ಲ. ಹೊಲಿಗೆಯಲ್ಲಿ ಕೀವಿಲ್ಲ. ಕೂಸಿನ ತೂಕ ಏರಿದೆ. ತಾಯಿಯ ಮನಸ್ಸಿನ ಬಗ್ಗೆ ಒಮ್ಮೆ ಸಿಂಧನೂರಲ್ಲಿ ತರಬೇತಿ ಕೊಟ್ಟಿದ್ದರು. ಅದು ಮಧ್ಯಾಹ್ನದ ಊಟ ಆದ ಮೇಲಿನ ಕಡೆಯ ತಾಸು. ನಾನು ತುರ್ವಿಹಾಳದ ಬಸ್ ತಪ್ಪೀತು ಎಂದು ಚಪ್ಪಲಿ ಹುಡುಕುತ್ತಿದ್ದೆ. ಅವತ್ತು ಏನು ಹೇಳಿದರೋ ನನಗೆ ಗೊತ್ತಿಲ್ಲ.

ನಮಗೆ ಗೊತ್ತಿದ್ದದ್ದು ಬಾಣಂತಿ ಸನ್ನಿ ಒಂದೇ. ಅದು ಎಲ್ಲರಿಗೂ ಗೊತ್ತು. "ನನ್ನ ಹರೇದಾಗ ನಮ್ಮ ಓಣ್ಯಾಗ ಒಬ್ಬಾಕಿಗೆ ಸನ್ನಿ ಹಿಡದಿತ್ತು" ಎಂದು ಅತ್ತೆ ಹೇಳುತ್ತಿದ್ದಳು. "ಒದರ್ಯಾಡಿ, ಸೀರಿ ಹರಕೊಂಡು, ಮೂರು ಮಂದಿ ಹಿಡದ್ರೂ ನಿಲ್ತಿದ್ದಿಲ್ಲ. ಇಕಿ ನೋಡು, ಬಂಗಾರದಂತಾಕಿ. ಬಾಯಿಲ್ಲ, ಸಪ್ಪಳಿಲ್ಲ. ಇಂಥಾ ಶಾಣ್ಯಾ ಬಾಣಂತಿನ್ನ ನಾ ನೋಡೇ ಇಲ್ಲ." ಕೂಗಿದ್ದರೆ, ಸೀರೆ ಹರಿದುಕೊಂಡಿದ್ದರೆ ನಾವು ಎರಡನೇ ದಿನವೇ ಓಡುತ್ತಿದ್ದೆವು. ಸುಮ್ಮನಿದ್ದಳಲ್ಲ, ಶಾಣೆ ಎಂದೆವು.

ಅನುಮಾನ ಬಂದದ್ದು ಒಬ್ಬನಿಗೇ, ಅವಳ ಗಂಡನಿಗೆ. ಅವನು ಡ್ಯೂಟಿ ಮುಗಿಸಿ, ಖಾಕಿ ಅಂಗಿಯಲ್ಲೇ ಲಿಂಗಸುಗೂರಿಂದ ವಾರಕ್ಕೊಮ್ಮೆ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದ. ಕೋಣೆಯ ಹೊಸ್ತಿಲು ದಾಟಲು ನಾವು ಬಿಡುತ್ತಿರಲಿಲ್ಲ, ನಲವತ್ತು ದಿನ ಅದೂ ಇಲ್ಲ. ಸಣ್ಣವನಿದ್ದಾಗಿನಿಂದ ನನ್ನ ಕೈಯಲ್ಲಿ ಬೈಸಿಕೊಂಡು ಬೆಳೆದವನು. ನನಗೆ ಅಂಜುತ್ತಾನೆ.

"ಅತ್ತಿಗೀ, ಆಕಿ ನನ್ನ ಜೋಡಿ ಮಾತಾಡವಲ್ಲಳು" ಎಂದ ಒಂದು ದಿನ.

"ಅರಳಿ ಹಾಕೀವಿ ಲೇ ಕಂಡಕ್ಟರಾ. ನೀ ಬಸ್ ಸ್ಟ್ಯಾಂಡಿನ್ಯಾಗ ಕೂಗಿದಂಗ ಕೂಗು, ಕೇಳಿಸ್ತೈತಿ" ಎಂದೆ.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಖರೇನೇ ಕೂಗಿದ. "ಊಟಾ ಮಾಡಿದೇನು?" ಎಂದು. ನಾನೂ ಅತ್ತೆಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಂಗಿ ಗೋಡೆಯ ಕಡೆ ಹೊರಳಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಕೂಸು ನಕ್ಕದ್ದು ಐದನೇ ವಾರದಲ್ಲಿ. ನಿದ್ದೆಯಲ್ಲಿ ತುಟಿ ಅರಳಿಸುವ ನಗೆಯಲ್ಲ, ಕಣ್ಣಲ್ಲಿ ಕಣ್ಣಿಟ್ಟು ನಗುವ ನಗೆ. ಮಧ್ಯಾಹ್ನ ಕೋಣೆಯಲ್ಲಿ ಅದಕ್ಕೆ ಅಂಗಿ ಹಾಕುತ್ತಿದ್ದೆ. ನನ್ನ ಮುಖ ನೋಡಿತು, ಹಲ್ಲಿಲ್ಲದ ಬಾಯಿ ಇಷ್ಟಗಲ ತೆರೆಯಿತು.

"ಅತ್ತೀ, ಜಲ್ದಿ ಬಾ! ನಕ್ಕಳು ನೋಡು! ನನ್ನ ನೋಡಿ ನಕ್ಕಳು!" ಎಂದು ಕೂಗಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. "ನಾನ ಇಕಿ ಅವ್ವ ಅಂತ ತಿಳಕೊಂಡಾಳ" ಎಂದೆ. ಒಂದು ಮೊಳ ದೂರದಲ್ಲಿ ತಂಗಿ ಕೂತಿದ್ದಳು.

ಮರುದಿನ ನಾನು ಕಸ ಹೊಡೆಯುತ್ತಿದ್ದಾಗ ಅವಳು ತಾನಾಗಿಯೇ ಮಾತನಾಡಿದಳು. ಎಷ್ಟೋ ದಿನದ ಮೇಲೆ ಬಂದ ದನಿ, ಒಡೆದಿತ್ತು.

"ಅಕ್ಕಾ, ಕೂಸನ್ನ ನೀನ ಇಟಗೋ."

"ಏನಂತಿ?"

"ನಿನ್ನ ಹಂತೇಕ ಚಲೋ ಇರ್ತಾಳ. ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಇಲ್ಲದಿದ್ರನ ಚಲೋ."

ಹೆದರಿಕೆಯಾದರೆ ನನಗೆ ಮೊದಲು ಬರುವುದು ಸಿಟ್ಟು. "ಹುಚ್ಚೀ, ಏನ್ ಮಾತು ಅಂತ ಆಡ್ತಿ!" ಎಂದು ಗದರಿಸಿ, ಪೊರಕೆ ಬಿಸಾಕಿ, ಅವಳನ್ನು ಎಬ್ಬಿಸಿ ಹಾಸಿಗೆ ಕೊಡವಲು ಹತ್ತಿದೆ. ಏನಾದರೂ ಮಾಡುತ್ತಿರಬೇಕು, ಅವಳ ಮುಖ ನೋಡಬಾರದು, ಅಷ್ಟೇ. ದಿಂಬಿನ ಗಲೀಪು ಕಿತ್ತು ಜಾಡಿಸಿದೆ. ಅದರೊಳಗಿಂದ ಅರಳೆ ಉದುರಿತು. ದಿಂಬು ಹರಿದಿದೆ ಎಂದುಕೊಂಡೆ. ಅಲ್ಲ. ಉಂಡೆ ಉಂಡೆ. ಕಿವಿಯ ಅಳತೆಯ ಸಣ್ಣ ಉಂಡೆಗಳು, ಹೊರಸಿನ ತುಂಬ, ನೆಲದ ತುಂಬ. ಒಂದಕ್ಕೂ ಎಣ್ಣೆಯ ಕಲೆ ಇಲ್ಲ, ಹೊಲಸಿಲ್ಲ.

ಮನೆಗೆ ಬಂದ ಮಾರನೇ ದಿನವೇ, ಸ್ನಾನ ಆದ ಮೇಲೆ, "ನಾನ ಹಾಕ್ಕೋತೀನಿ ಕೊಡು" ಎಂದು ಅವಳು ಅರಳೆಯನ್ನು ನನ್ನ ಕೈಯಿಂದ ಇಸಿದುಕೊಂಡಿದ್ದಳು. ಆಮೇಲೆ ದಿನಾ ಕೊಟ್ಟಿದ್ದೆ. ದಿನಾ ಇಸಿದುಕೊಂಡು ಗಲೀಪಿನಲ್ಲಿ ತುರುಕಿ, ಬರಿಗಿವಿಯ ಮೇಲೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು.

ನಾನು ನೆಲದ ಮೇಲೆ ಕೂತೆ. ಗಂಡು ಹೋಯಿತು ಹೆಣ್ಣು ಬಂತು ಎಂಬ ಮಾತು ಕೇಳಿಸಿದೆ. ಹಾಲಿಲ್ಲದವಳು ಎಂಬುದು ಕೇಳಿಸಿದೆ. ಕಪಾಳಕ್ಕೆ ಬಾರಿಸುವ ಅವ್ವ ಕೇಳಿಸಿದ್ದಾಳೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕದ್ದು. ನಿನ್ನೆಯದು.

"ಯಾಕ ತಗದಿ?" ಎಂದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಬೈಗುಳದ ದನಿಯೇ.

"ಕೂಸು ಅತ್ರ ಕೇಳಸಬೇಕಲ್ಲ" ಎಂದಳು. "ಅದು ಅತ್ತಿದ್ದಿಲ್ಲ ಅಕ್ಕಾ."

ಅದು ಎಂದರೆ ಯಾವುದು ಎಂದು ನಾನು ಕೇಳಬೇಕಾಗಿರಲಿಲ್ಲ. ಅವಳೇ ಹೇಳಿದಳು, ಒಂದೊಂದೇ ಮಾತು, ಅರಳೆ ಉಂಡೆ ಹೆಕ್ಕುತ್ತಾ. "ಇದು ಅಳಾಕತ್ರ ನನಗ ಸಮಾಧಾನ. ಐತಿ ಅಂತ. ಸುಮ್ನಾದ್ರ ಅಂಜಿಕಿ ಬರ್ತೈತಿ, ಉಸಿರು ಕೇಳ್ಕೋತ ಕುಂದ್ರತೀನಿ. ಎತ್ತಿಕೊಂಡ್ರ ನನ್ನ ಕೈಯಾಗ ಇದೂ ಎಲ್ಲಿ ಹೋಗ್ತೈತೋ ಅಂತ."

ಆಮೇಲೆ ನಾನು ಎದ್ದು ಅವಳ ಗಂಡನಿಗೆ ಫೋನ್ ಮಾಡಿದೆ. ವಾರಕ್ಕೊಮ್ಮೆ ಲಿಂಗಸುಗೂರಿಗೆ ಬರುವ ಮನಸ್ಸಿನ ಡಾಕ್ಟರಮ್ಮ ನಾಳೆಯೇ ಬರುತ್ತಾರೆ ಎಂದು ಅವನೇ ವಿಚಾರಿಸಿ ಹೇಳಿದ. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ನಲವತ್ತು ದಿನ ತುಂಬಿಲ್ಲ. ಹಸಿ ಬಾಣಂತಿ ಊರ ಮುಂದಿನ ಕಾಲುವಿ ದಾಟತಾಳೇನು? ಯಾರದರ ದೃಷ್ಟಿ ತಾಗಿರಬೇಕು. ತಾಯತ ಕಟ್ಟಸೂನು, ಇಳೀತೈತಿ."

"ಅತ್ತೀ, ದಾರಿ ಬಿಡು."

"ಮಂದಿ ಏನಂದಾರು? ಟೀಚರಮ್ಮಗ ತಲಿ ಕೆಟ್ಟೈತಿ ಅಂದ್ರ ಸಾಲ್ಯಾಗ ಯಾರು ಸೇರಸ್ತಾರ?"

"ಆಕಿ ಇದ್ರ ತಾನ ಸಾಲಿಗೆ ಹೋಗೂದು!" ಎಂದು ಕಿರುಚಿದೆ. "ಇಲ್ಲದಿದ್ರನ ಚಲೋ ಅಂದ್ಲು ಅತ್ತೀ. ನನ್ನ ಮುಂದ ಅಂದ್ಲು."

ಅತ್ತೆಯ ಮುಖ ಒಂದು ಥರ ಆಯಿತು. ಬಾಗಿಲು ಬಿಟ್ಟು ಸರಿದಳು. ಮರುದಿನ ಬೆಳಿಗ್ಗೆ ನೋಡಿದರೆ ನಮಗಿಂತ ಮೊದಲೇ ಸೀರೆ ಬದಲಿಸಿ, ಕೂಸಿನ ಬಾಟ್ಲಿ ಚೀಲಕ್ಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

ಸಿಂಧನೂರಿಗೆ ಒಂದು ಬಸ್ಸು, ಅಲ್ಲಿಂದ ಲಿಂಗಸುಗೂರಿಗೆ ಇನ್ನೊಂದು. ತಂಗಿಯ ಗಂಡ ರಜೆ ಹಾಕಿ ಸಿಂಧನೂರಿನ ತನಕ ಬಂದು, ಮುಂದಿನ ಸೀಟು ಹಿಡಿದಿದ್ದ. ಗದ್ದೆಗಳಲ್ಲಿ ಭತ್ತ ಕೊಯ್ಯುವ ಮಷಿನ್‌ಗಳು ಓಡಾಡುತ್ತಿದ್ದವು, ಕಿಟಕಿಯಿಂದ ಧೂಳು ಬಂದು ಕೂರುತ್ತಿತ್ತು. ಮಸ್ಕಿ ಬಂದಾಗ, "ನಿನ್ನ ಸಾಲಿ ಬಂತು ನೋಡು" ಎಂದ ಅವನು. ಅವಳು ತಲೆ ಎತ್ತಲಿಲ್ಲ. ಅವನು ಅವಳ ಸ್ಕಾರ್ಫಿನ ಗಂಟು ಸರಿ ಮಾಡಿದ ಹಾಗೆ ಮಾಡಿ, ಕಣ್ಣು ಒರೆಸಿಕೊಂಡ.

ಡಾಕ್ಟರಮ್ಮ ಮೊದಲು ತಂಗಿಯೊಬ್ಬಳ ಜೊತೆಯೇ ಮಾತಾಡಿದರು. ಆಮೇಲೆ ನಮ್ಮನ್ನು ಒಳಗೆ ಕರೆದು, ಅವಳನ್ನೂ ಕೂರಿಸಿಕೊಂಡೇ ಕೇಳತೊಡಗಿದರು. ನಾನು ಆಶಾ ಎಂದು ಗೊತ್ತಾಗಿ ನನ್ನನ್ನೇ ಕೇಳಿದರು. ಇದಕ್ಕೆ ಮೊದಲು ಕೂಸು ಹೋಗಿತ್ತಾ? ಹೋಗಿತ್ತು. ಆಗ ಇವರು ಅತ್ತಿದ್ದರಾ? ನನಗೆ ಗೊತ್ತಿರಲಿಲ್ಲ. ತಂಗಿಯ ಗಂಡನ ಕಡೆ ನೋಡಿದೆ. ಅವನಿಗೂ ಗೊತ್ತಿರಲಿಲ್ಲ. ಹೆರಿಗೆ ತ್ರಾಸಾಗಿತ್ತಾ, ತಾಯಿ ಇದ್ದಾರಾ, ಎಷ್ಟು ವರ್ಷವಾಯಿತು ಹೋಗಿ, ಗಂಡ ರಾತ್ರಿ ಡ್ಯೂಟಿಗೆ ಹೋದರೆ ಮಸ್ಕಿಯ ಮನೆಯಲ್ಲಿ ಜೊತೆಗೆ ಯಾರು, ನಿದ್ದೆ ಎಷ್ಟು ದಿನದಿಂದ ಇಲ್ಲ. ಅತ್ತದ್ದೊಂದು ಬಿಟ್ಟರೆ ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಅದೇ ನನ್ನನ್ನು ಕೊಂದದ್ದು. ಒಂದೂ ಹೊಸ ಸಂಗತಿ ಇರಲಿಲ್ಲ, ಎಲ್ಲ ನನ್ನ ಕಣ್ಣೆದುರೇ ನಡೆದದ್ದು.

"ಬಸುರಿದ್ದಾಗ ಮನಸ್ಸು ಹೆಂಗಿತ್ರಿ?" ಎಂದರು.

ಎಂಟನೇ ತಿಂಗಳಲ್ಲಿ ತಂಗಿ ಫೋನ್ ಮಾಡಿ, "ಅಕ್ಕಾ, ಮನಿ ಎಲ್ಲಾ ಭಣಾಭಣಾ ಅನಸ್ತೈತಿ, ಸುಮ್ನ ಅಳು ಬರ್ತೈತಿ" ಎಂದಿದ್ದಳು. ಕಬ್ಬಿಣದ ಗುಳಿಗೆ ನುಂಗಿದೆಯಾ ಎಂದು ನಾನು ಕೇಳಿದ್ದೆ. ಅದನ್ನೂ ಡಾಕ್ಟರಮ್ಮನಿಗೆ ಹೇಳಿದೆ.

"ಇವೆಲ್ಲಾ ಇದ್ರ ಆಗೇ ಆಗ್ತೈತಿ ಅಂತಲ್ರಿ ಅಕ್ಕಾರ. ಆದ್ರ ಇಷ್ಟು ಕೂಡಿ ಬಂದಾಕಿ ಮ್ಯಾಲ ಕಣ್ಣಿಟ್ಟಿರಬೇಕು. ಇದು ಬ್ಯಾನಿ, ಯಾರ ತಪ್ಪೂ ಅಲ್ಲ" ಎಂದರು. ಯಾರ ತಪ್ಪೂ ಅಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ಅವರ ಮೇಲೂ ನನಗೆ ಸಿಟ್ಟು ಬಂತು. ಆಮೇಲೆ ಕಡೆಯದಾಗಿ ಕೇಳಿದರು: "ನಿಮ್ಮ ಮನಿತನದಾಗ ಮೊದಲ ಯಾರಿಗಾದ್ರೂ ಹಿಂಗಾಗಿತ್ತಾ?"

"ಇಲ್ರಿ, ನಮ್ಮ ಮನ್ಯಾಗ ಯಾರಿಗೂ ಇಲ್ಲ" ಎಂದೆ, ಥಟ್ಟನೆ.

"ನನಗ ಆಗಿತ್ರಿ."

ಹಿಂದೆ ಕೂಸನ್ನು ಎದೆಗೆ ಹಾಕಿಕೊಂಡು ನಿಂತಿದ್ದ ಅತ್ತೆ. ಮಗನ ಮುಖ ನೋಡದೆ, ನೆಲ ನೋಡುತ್ತಾ ಹೇಳಿದಳು. "ಇವ ಹುಟ್ಟಿದಾಗ. ಒಂದು ವರ್ಸ ನನಗ ಜಗತ್ತಿನ ಖಬರಿದ್ದಿಲ್ಲ. ಬಾವಿ ಕಟ್ಟಿ ತನಕಾ ಎರಡು ಸಲ ಹೋಗಿ ಬಂದೀನಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಶಾಣ್ಯಾ ಬಾಣಂತಿ ಅಂತಿದ್ರು ನನಗೂ."

ಅವಳ ಮಗ ಗೋಡೆಗೆ ಒರಗಿ ನಿಂತ. ತಂಗಿ, ಇಷ್ಟು ದಿನ ಯಾರ ಕಡೆಗೂ ತಿರುಗದವಳು, ಕುರ್ಚಿಯಲ್ಲಿ ಹೊರಳಿ ಅತ್ತೆಯನ್ನು ನೋಡಿದಳು.

ಗುಳಿಗೆ ಬರೆದುಕೊಟ್ಟರು. ಅವಳನ್ನು ಒಂಟಿಯಾಗಿ ಬಿಡಬೇಡಿ, ನಿದ್ದೆ ಮಾಡಿಸಿ, ಕೂಸಿನ ಕೆಲಸ ಹಂಚಿಕೊಳ್ಳಿ, ಗಂಡನನ್ನು ಒಳಗೆ ಬಿಡಿ ಎಂದರು. ಗುಳಿಗೆ ನುಂಗಿದ ಕೂಡಲೇ ಏನೂ ಆಗಲಿಲ್ಲ. ವಾರಗಳು ಹೋದವು. ನಲವತ್ತು ದಿನ ತುಂಬಿತು, ಯಾರಿಗೂ ಅದರ ನೆನಪಾಗಲಿಲ್ಲ. ಬಾಣಂತಿ ನೋಡಲು ಬಂದವರನ್ನು ಅತ್ತೆ ಕಟ್ಟೆಯ ಮೇಲೇ ಕೂರಿಸಿ, ಚಹಾ ಕುಡಿಸಿ, ಹಾಗೇ ಕಳಿಸುತ್ತಿದ್ದಳು. ಗುರುಗುಂಟಾದ ಎಮ್ಮೆಗಳ ಹೆಸರೆತ್ತುವುದನ್ನೂ ಬಿಟ್ಟಳು. ಮಧ್ಯಾಹ್ನ ಕೂಸನ್ನು ಮಲಗಿಸಿ, ಅದರ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದಳು. ಪಕ್ಕದ ಹೊರಸಿನಲ್ಲಿ ತಂಗಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಸ್ವಲ್ಪ ಹೊತ್ತಿಗೊಮ್ಮೆ ಅತ್ತೆ ಹೇಳುವಳು, "ಐತಿ. ಉಸಿರಾಡಾಕತ್ತೈತಿ. ನೀ ಮಕ್ಕೋ." ಮತ್ತೆ ಸ್ವಲ್ಪ ಹೊತ್ತಿಗೆ, "ಐತಿ." ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ನಾನು ಆ ಮಾತನ್ನೇ ಕೇಳುತ್ತಿದ್ದೆ. ಒಂದು ದಿನ ಅತ್ತೆಯ ಮಾತು ನಿಂತಿತು. ಗಾಬರಿಯಾಗಿ ಇಣುಕಿ ನೋಡಿದೆ. ತಂಗಿ ನಿದ್ದೆ ಹೋಗಿದ್ದಳು.

ನಾಲ್ಕನೇ ತಿಂಗಳಲ್ಲಿರಬೇಕು, ಊಟಕ್ಕೆ ಕೂತವಳು ತಾಟು ಸರಿಸಿ, "ಏನಕ್ಕಾ, ಪಲ್ಯಾದಾಗ ಉಪ್ಪು ಸುರವೀಯಲ್ಲ" ಎಂದಳು. ಅವಳು ಹಾಗೆ ನನ್ನ ಅಡುಗೆಗೆ ಹೆಸರಿಟ್ಟು ಎಷ್ಟು ದಿನವಾಗಿತ್ತು! ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಮುಂದಿನ ಬೇಸಿಗೆ ರಜೆ ಮುಗಿದ ಮೇಲೆ ಅವಳು ಮಸ್ಕಿಗೆ, ಶಾಲೆಗೆ ಹೋದಳು. ಗುಳಿಗೆ ಇನ್ನೂ ಕೆಲವು ತಿಂಗಳು ನಡೆದವು. ಅತ್ತೆ ಎಮ್ಮೆ ಮಾರಿ ಅವಳ ಜೊತೆಗೇ ಹೋದಳು.

ಎಲ್ಲ ಸರಿಹೋಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೂಸು ಮಸ್ಕಿಗೆ ಹೋದ ಮೇಲೂ ಎಷ್ಟೋ ದಿನ ನನಗಾಗಿ ಅತ್ತಿತು. ನಾನು ಹೋದರೆ ಅವ್ವನ ಸೊಂಟದಿಂದ ನನ್ನ ಮೇಲೆ ಹಾರುತ್ತಿತ್ತು. ತಂಗಿ ಆಗ ಕೈ ಸಡಿಲ ಬಿಟ್ಟು, ಏನೋ ಕೆಲಸವಿದ್ದವಳ ಹಾಗೆ ಒಳಗೆ ಹೋಗುವಳು. ನನಗೆ ಸಂತೋಷವೂ ಆಗುತ್ತಿತ್ತು, ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತಿತ್ತು. ಈ ಊರಲ್ಲಿ ಈಗ ನಾನು ಯಾವ ಬಾಣಂತಿಯ ಮನೆಗೆ ಹೋದರೂ ಹಾಳೆ ಚೀಲದಲ್ಲೇ ಇರುತ್ತದೆ. ಮನೆಯವರನ್ನು ನೀರು ತರಲೋ ಚಹಾ ಮಾಡಲೋ ಕಳಿಸಿ, ಸ್ಕಾರ್ಫ್ ಸ್ವಲ್ಪ ಸರಿಸಿ, "ನೀ ಹೆಂಗದೀ? ಕೂಸಿಂದಲ್ಲ, ನಿಂದು ಹೇಳು" ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಅಳುತ್ತಾರೆ. ಅವರನ್ನು ಕೇಳಿದಾಗಲೆಲ್ಲ ನನ್ನ ಮನೆಯ ಒಳಕೋಣೆ ನೆನಪಾಗುತ್ತದೆ.

ಮೊನ್ನೆ ಭಾನುವಾರ ಮಸ್ಕಿಗೆ ಹೋಗಿದ್ದೆ. ಕೂಸಿಗೆ ಈಗ ನಾಲ್ಕು ವರ್ಷ, ಬಾಯಿಗೆ ಬಿಡುವೇ ಇಲ್ಲ. ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ತಂಗಿ ಅದರ ತಲೆ ಬಾಚುತ್ತಿದ್ದಳು. ನಾನು ಎದುರಿಗೆ ಸಬ್ಬಸಗಿ ಸೋಸುತ್ತಾ ಕೂತಿದ್ದೆ. ಶಾಲೆಯಲ್ಲಿ ಯಾರೋ ಏನೋ ಹೇಳಿರಬೇಕು, ಕೂಸು ನನ್ನನ್ನು ಕೇಳಿತು:

"ದೊಡ್ಡವ್ವಾ, ನಾ ಸಣ್ಣಾಕಿ ಇದ್ದಾಗ ಮೊದಲ ಯಾರನ್ನ ನೋಡಿ ನಕ್ಕಿದ್ದೆ?"

"ನಿಮ್ಮವ್ವನ್ನ ನೋಡಿ" ಎಂದೆ. ಸುಳ್ಳು ಸಿದ್ಧವಾಗಿಯೇ ಇತ್ತು, ನಾಲ್ಕು ವರ್ಷದಿಂದ. "ಮತ್ಯಾರನ್ನ ನೋಡಿ ನಗ್ತಿ? ಇಷ್ಟಗಲ ಬಾಯಿ ತಗದು ನಿಮ್ಮವ್ವನ್ನ ನೋಡಿ ನಕ್ಕಿದ್ದಿ."

ತಂಗಿಯ ಬಾಚಣಿಗೆ ನಿಲ್ಲಲಿಲ್ಲ. ಒಂದು ಜಡೆ ಮುಗಿಸಿ, ರಿಬ್ಬನ್ ಕಟ್ಟಿ, ಇನ್ನೊಂದು ಕಡೆಯ ಕೂದಲು ಹಿಡಿದುಕೊಂಡಳು.

"ಇಲ್ಲ ಪುಟ್ಟಿ" ಎಂದಳು. "ದೊಡ್ಡವ್ವನ್ನ ನೋಡಿ ನಕ್ಕಿದ್ದಿ. ನಾ ಅಲ್ಲೇ ಇದ್ದೆ. ಹೊಳ್ಳಿ ನೋಡಾಕ ಆಗ್ಲಿಲ್ಲ ನನಗ. ಆದ್ರ ಕೇಳಿಸ್ತು."